ಕೊಡಲಿ ಮುಟ್ಟದೆ ಕಾಡು ಕಲಿತವರು

ನಿನ್ನೆ ಅಕ್ಕನ ಮಗನನ್ನು ಕರೆದುಕೊಂಡು ಚಿತ್ರದುರ್ಗದ ಹತ್ತಿರ ಒಂದು ಫಾರ್ಮ್‌ಹೌಸ್‌ಗೆ ಹೋಗಿದ್ದೆ. ಬುಷ್‌ಕ್ರಾಫ್ಟ್ ಕ್ಯಾಂಪ್ ಅಂತೆ. ಕಾಡಿನಲ್ಲಿ ಬದುಕುವುದು, ಮರ ಕೆತ್ತುವುದು, ಬೆಂಕಿ ಮಾಡುವುದು, ಎಲ್ಲ ಹೇಳಿಕೊಡುತ್ತಾರಂತೆ. ಹೇಳಿಕೊಟ್ಟರು, ಇಲ್ಲ ಅನ್ನಬಾರದು. ಬೆಳಿಗ್ಗೆಯಿಂದ ಸಂಜೆವರೆಗೂ ಹೇಳಿದ್ದೇ ಹೇಳಿದ್ದು. ಒಂದು ಮಗುವಿನ ಕೈಗೂ ಕೊಡಲಿ ಕೊಡಲಿಲ್ಲ.

ಮಕ್ಕಳೆಲ್ಲ ಟಾರ್ಪಾಲಿನ ಮೇಲೆ ಸುತ್ತ ಕೂತಿದ್ದರು. ಸೊಂಟಕ್ಕೆ ಸ್ವೀಡನ್ ಚಾಕು ಕಟ್ಟಿಕೊಂಡ ಟ್ರೈನರ್ ಕಡ್ಡಿ ಹೆರೆದ, ಎಲ್ಲರೂ ಚಪ್ಪಾಳೆ ಹೊಡೆದರು. ಒಂದು ಹುಡುಗಿ ಎದ್ದು, "ಸರ್, ನಾನೂ ಒಂದ್ಸಲ ಮಾಡ್ಲಾ?" ಅಂತ ಕೇಳಿದಳು. "ಅದು ನೆಕ್ಸ್ಟ್ ಲೆವೆಲ್ ಕ್ಯಾಂಪಲ್ಲಿ ಪುಟ್ಟಾ" ಅಂದ. ನೆಕ್ಸ್ಟ್ ಲೆವೆಲ್‌ಗೆ ಫೀಸು ಜಾಸ್ತಿ, ಬಿಡಿ.

ಆಮೇಲೆ ಬೆಂಕಿ. ಒಂದು ಕರಿ ಕಡ್ಡಿಯನ್ನು ಕಬ್ಬಿಣದಿಂದ ಗೀರಿ ಕಿಡಿ ಹಾರಿಸಿ, "ಇದೇ ಆದಿಮಾನವನ ಬೆಂಕಿ" ಅಂದ. ಸ್ವಾಮಿ, ಅದು ಫೆರೋಸೀರಿಯಂ. 1903ರಲ್ಲಿ ಆಸ್ಟ್ರಿಯಾದ ಕಾರ್ಲ್ ಆಯರ್ ಫಾನ್ ವೆಲ್ಸ್‌ಬಾಕ್ ಪೇಟೆಂಟ್ ಮಾಡಿಸಿದ ಮಿಶ್ರಲೋಹ. ಸಿಗರೇಟ್ ಲೈಟರಿನೊಳಗೆ ಚಿಕ್ಕ ಕಲ್ಲು ಇರುತ್ತಲ್ಲ, ಅದೇ. ನಮ್ಮ ಅಜ್ಜಂದಿರು ಬಳಸುತ್ತಿದ್ದ ಚಕಮಕಿ ಕಲ್ಲಾದರೂ ತೋರಿಸಬಹುದಿತ್ತು. ಹೋಗಲಿ, ಆ ಕಡ್ಡಿಯನ್ನಾದರೂ ಹುಡುಗರ ಕೈಗೆ ಕೊಟ್ಟನಾ? ಊಹೂಂ.

ನನ್ನ ಸಿಟ್ಟು ಇಷ್ಟೇ. ಇದು ನೋಡಿ ಕಲಿಯುವ ವಿದ್ಯೆ ಅಲ್ಲ. ಕೊಡಲಿಗೆ ಕಾವು, ಅಂದರೆ ಮರದ ಹಿಡಿ, ಹಾಕುವುದನ್ನೇ ತೆಗೆದುಕೊಳ್ಳಿ. ಕಾವಿಗೆ ಮರ ಅಂದರೆ ನಮ್ಮ ಕಡೆ ದಿಂಡಿಗವೇ. ಗಟ್ಟಿಯೂ ಹೌದು, ಪೆಟ್ಟು ಬಿದ್ದರೆ ಬಳುಕುತ್ತೆ, ಮುರಿಯುವುದಿಲ್ಲ. ಗಾಡಿಯ ಅಚ್ಚಿಗೂ ಇದನ್ನೇ ಹಾಕುತ್ತಿದ್ದರು. ಕಾವಿನ ತುದಿಯನ್ನು ಕೊಡಲಿಯ ತೂತಿಗೆ ತೂರಿಸಿ ಕಲ್ಲಿನಿಂದ ಕುಟ್ಟುವವರು ದಡ್ಡರು. ಕೊಡಲಿ ಕೆಳಗಾಗಿ, ಕಾವು ಮೇಲಾಗಿ ನೇತಾಡುವ ಹಾಗೆ ಒಂದು ಕೈಯಲ್ಲಿ ಹಿಡಿದು, ಕಾವಿನ ಮೇಲಿನ ತುದಿಗೆ ಮರದ ಸುತ್ತಿಗೆಯಿಂದ ಹೊಡೆಯಬೇಕು. ಕಾವು ಕೆಳಗೆ ಜಾರುತ್ತೆ, ಕೊಡಲಿ ತನ್ನ ಭಾರಕ್ಕೆ ನಿಂತಲ್ಲೇ ನಿಲ್ಲುತ್ತೆ, ನೋಡುವವರಿಗೆ ಕೊಡಲಿಯೇ ಮೇಲೆ ಹತ್ತಿ ಬಂದ ಹಾಗೆ ಕಾಣುತ್ತೆ. ಕೂತಾಗ ಸದ್ದು ಬದಲಾಗುತ್ತೆ, ಟಕ್ ಅನ್ನುತ್ತಿದ್ದದ್ದು ಟಣ್ ಅನ್ನುತ್ತೆ. ಆ ಸದ್ದನ್ನು ವಿಡಿಯೋದಲ್ಲಿ ಕಲಿಸ್ತೀರಾ?

"ಮಕ್ಕಳ ಕೈ ಕೊಯ್ದುಕೊಂಡರೆ?" ಅಂತ ಪಕ್ಕದಲ್ಲಿದ್ದ ಒಬ್ಬ ತಂದೆ ಕೇಳಿದರು. ಕೊಯ್ದುಕೊಳ್ಳುತ್ತವೆ. ಚಿಕ್ಕ ಗಾಯವಾದರೆ ತೊಳೆದು ಬಟ್ಟೆ ಕಟ್ಟಿದರೆ ಆಯಿತು. ಹದಿನಾಲ್ಕು ವರ್ಷದ ಹುಡುಗನನ್ನು ಹೆಲ್ಮೆಟ್ ಇಲ್ಲದೆ ಸ್ಕೂಟಿ ಮೇಲೆ ಟ್ಯೂಷನ್‌ಗೆ ಕಳಿಸುವ ದಾವಣಗೆರೆಯ ಅಪ್ಪಂದಿರಿಗೆ ಚಾಕು ಕಂಡರೆ ಮಾತ್ರ ಜೀವ ಬಾಯಿಗೆ ಬರುತ್ತೆ.

ಕಾನೂನಿನ ಮಾತಾದರೆ ಒಪ್ಪುತ್ತೇನೆ. ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ವನ್ಯಜೀವಿ ಧಾಮ. ಅಲ್ಲಿ ದಿಂಡಿಗದ ರೆಂಬೆ ಮುರಿಯಬಾರದು. ಧಾಮಕ್ಕೆ ಅಪಾಯವಾಗುವ ಹಾಗೆ ಬೆಂಕಿ ಹಾಕುವುದನ್ನು 1972ರ ವನ್ಯಜೀವಿ ಕಾಯ್ದೆಯೇ ನಿಷೇಧಿಸಿದೆ. ಜಗಳೂರಿನ ರಂಗಯ್ಯನದುರ್ಗ ಧಾಮದ ಕೊಂಡುಕುರಿಗಳೂ, ಆ ನಾಲ್ಕು ಕೊಂಬಿನ ಹುಲ್ಲೆಗಳು, ನೆಮ್ಮದಿಯಾಗಿರಲಿ. ಆದರೆ ಬಳ್ಳಾರಿ ಜಾಲಿಗೆ ಏನು ಬರ ಬಂದಿದೆ? ಅಮೆರಿಕ ಖಂಡದಿಂದ ತಂದು ನೆಟ್ಟ ಈ ಗಿಡ ಈಗ ನಮ್ಮ ಜಿಲ್ಲೆಯ ಹೊಲದ ಬದು, ರಸ್ತೆ ಬದಿ ಯಾವುದನ್ನೂ ಬಿಟ್ಟಿಲ್ಲ. ರೈತರೇ ಕಡಿದು ಸಾಕಾಗಿ ಕೂತಿದ್ದಾರೆ. ಒಳಗಿನ ಚೇಗು ಒಳ್ಳೆ ಗಟ್ಟಿ, ಕೆಂಪುಗಂದು ಬಣ್ಣ. ಹೊರಗಿನ ಬಿಳಿ ಭಾಗಕ್ಕೆ ಹುಳ ಬೇಗ ಹತ್ತುತ್ತೆ, ಹಿಟ್ಟು ಉದುರಿಸುತ್ತೆ. ಹುಳ ಹತ್ತದಿರಲಿ ಅಂತಲೇ ಹಿಂದೆ ಮರವನ್ನು ತಿಂಗಳುಗಟ್ಟಲೆ ಕೆರೆ ನೀರಲ್ಲಿ ಮುಳುಗಿಸಿಡುತ್ತಿದ್ದರು. ಇದರಲ್ಲಿ ಒಂದು ಸೌಟು ಮಾಡಿಸಿ ನೋಡಿ. ಕಾಡಿಗೂ ತೊಂದರೆ ಇಲ್ಲ, ಮಕ್ಕಳಿಗೂ ಕೈ ನೋಯುವಷ್ಟು ಕೆಲಸ.

ನನಗ್ಯಾಕೆ ಇಷ್ಟು ಉರಿ ಅಂತ ಕೇಳಬಹುದು. ಅಪ್ಪನ ಕಸುಬು ನಿಮಗೆಲ್ಲ ಗೊತ್ತೇ ಇದೆ. ಊರಿಗೆಲ್ಲ ಕುಂಟೆ, ಕೂರಿಗೆ ಮಾಡಿಕೊಟ್ಟು ಸುಗ್ಗಿಯಲ್ಲಿ ಆಯ, ಅಂದರೆ ಕೂಲಿಯ ಕಾಳು, ತರುತ್ತಿದ್ದ ಬಡಿಗ. ಬಾಚಿ, ಉಳಿ ಎಲ್ಲ ಅಟ್ಟದ ಮೇಲಿಡುತ್ತಿದ್ದ. ನಾನು ಹತ್ತಿದರೆ, "ಮುಟ್ಟಬ್ಯಾಡ, ನೀನು ಪೆನ್ನು ಹಿಡಿ" ಅನ್ನುತ್ತಿದ್ದ. ಹಿಡಿದೆ. ಬ್ಯಾಂಕಿನಲ್ಲಿ ಅದೇ ಪೆನ್ನು ಹಿಡಿದು ತಲೆ ನೆರೆಯಿತು. ಅಪ್ಪನ ಮೇಲೆ ಆ ಸಿಟ್ಟು ಇವತ್ತಿಗೂ ಹೋಗಿಲ್ಲ.

ಕೊನೆಗೆ ಉಳಿ ಹಿಡಿಸಿದ್ದು ದೊಡ್ಡಪ್ಪನ ಮಗ. ಅವನ ಪಾಠ ಅಂದರೆ, ಬೇವಿನ ತುಂಡು ಕೊಟ್ಟು "ಹೆರೆಯಣ್ಣ" ಅಂತ ಹೇಳಿ ಚಾ ಕುಡಿಯಲು ಹೋಗುವುದು. ನಾರಿಗೆ ಎದುರಾಗಿ ಹೋದರೆ ಉಳಿ ಒಳಗೆ ನುಗ್ಗಿ ಸಿಬಿರು ಏಳುತ್ತೆ. ತುಂಡು ತಿರುಗಿಸಿ ಹಿಡಿದರೆ ಹಪ್ಪಳದಂಥ ಹೊಟ್ಟು ಸುರುಳಿ ಸುತ್ತಿ ಬೀಳುತ್ತೆ. ಅವನು ವಾಪಸ್ ಬಂದು ನೆಲ ನೋಡುತ್ತಿದ್ದ, ನನ್ನನ್ನಲ್ಲ. ಬಿದ್ದ ಹೊಟ್ಟು ನೋಡಿದರೆ ಅವನಿಗೆ ಗೊತ್ತಾಗುತ್ತಿತ್ತು.

ಭೀಮಸಮುದ್ರದ ಹತ್ತಿರ ಗೆಳೆಯನ ಹೊಲದ ಬದುವಿನಲ್ಲಿ ಬಳ್ಳಾರಿ ಜಾಲಿ ಬೇಕಾದಷ್ಟಿದೆ, ತೆಗೆದರೆ ಅವನೇ ಊಟ ಹಾಕುತ್ತಾನೆ. ಮುಂದಿನ ಭಾನುವಾರ ಅಕ್ಕನ ಮಗನನ್ನು ಕರೆದುಕೊಂಡು ಹೋಗುತ್ತಿದ್ದೇನೆ. ನಿಮ್ಮ ಮಕ್ಕಳನ್ನೂ ಕಳಿಸುವುದಾದರೆ ಕಳಿಸಿ. ಚಪ್ಪಲಿ ಬೇಡ, ಆ ಮುಳ್ಳು ಟೈರನ್ನೇ ಬಿಡುವುದಿಲ್ಲ. ದಪ್ಪ ಅಟ್ಟೆಯ ಶೂ ಹಾಕಿಸಿ. ಅಪ್ಪ ಅಮ್ಮ ಮಾತ್ರ ಮನೆಯಲ್ಲೇ ಇರಿ.