ಹುಟ್ಟದ ಯಂತ್ರದ ಮೊಮ್ಮಕ್ಕಳು

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದವರನ್ನು ನಮ್ಮ ಹಿರಿಯರು ಕಂಡಿದ್ದರು; ಆ ಕೂಸಿನ ಮೊಮ್ಮಕ್ಕಳ ಪರವಾಗಿ ವಕಾಲತ್ತು ಹಾಕಿದವರನ್ನು ಕಾಣುವ ಭಾಗ್ಯ ಖಗೋಳವಿಜ್ಞಾನದ ದಯೆಯಿಂದ ನಮಗೆ ಒದಗಿದೆ. ತನ್ನನ್ನು ತಾನೇ ನಕಲು ಮಾಡಿಕೊಳ್ಳುತ್ತ ನಕ್ಷತ್ರದಿಂದ ನಕ್ಷತ್ರಕ್ಕೆ ಹಬ್ಬುವ ನೌಕೆಯೊಂದನ್ನು ಯಾರಾದರೂ ಕಟ್ಟಿದ್ದರೆ 30 ಕೋಟಿ ವರ್ಷಗಳೊಳಗೆ ಅದರ ಸಂತಾನ ಇಡೀ ಗ್ಯಾಲಕ್ಸಿಯನ್ನು ತುಂಬಿರುತ್ತಿತ್ತು, ಅದು ಎಲ್ಲಿಯೂ ಕಾಣದಿರುವುದರಿಂದ ಅನ್ಯಲೋಕದ ಬುದ್ಧಿವಂತರೇ ಇಲ್ಲ ಎಂದು ಭೌತವಿಜ್ಞಾನಿ ಫ್ರಾಂಕ್ ಟಿಪ್ಲರ್ 1980ರಲ್ಲಿ ತೀರ್ಪಿತ್ತರು. ಅಂಥ ಸಂತಾನ ಗ್ಯಾಲಕ್ಸಿಯನ್ನೇ ತಿಂದು ತೇಗೀತೆಂಬ ಭಯದಿಂದ ಬುದ್ಧಿಯುಳ್ಳವರು ಅದನ್ನು ಕಟ್ಟುವುದೇ ಇಲ್ಲ ಎಂದು ಖಗೋಳವಿಜ್ಞಾನಿ ಕಾರ್ಲ್ ಸೇಗನ್ ಮತ್ತು ಸಂಗಡಿಗ ವಿಲಿಯಂ ನ್ಯೂಮನ್ 1983ರಲ್ಲಿ ಮೇಲ್ಮನವಿ ಸಲ್ಲಿಸಿದರು. ವಾದಿಗೂ ಪ್ರತಿವಾದಿಗೂ ಲೆಕ್ಕ ಪಕ್ಕಾ ಇತ್ತು; ಇಲ್ಲದಿದ್ದದ್ದು ಯಂತ್ರ ಮಾತ್ರ.

ಅದೇ 1980ರಲ್ಲಿ ಅಮೆರಿಕದ ಸಂಶೋಧಕ ರಾಬರ್ಟ್ ಫ್ರೈಟಾಸ್ ರೂಪಿಸಿದ ನಕಾಶೆಯಲ್ಲಿ ಈ ತಾಯಿನೌಕೆ ಒಂದು ಕೋಟಿ ಟನ್ ತೂಗುತ್ತಿತ್ತು, ಮರಿ ಹಾಕುವ ಕಾರ್ಖಾನೆ ಕಟ್ಟಲು 500 ವರ್ಷ ಬೇಡುತ್ತಿತ್ತು. ಕಾಲ ಬದಲಾಯಿತು, ತಾಯಿ ಬಡಕಲಾದಳು. 2016ರ ಏಪ್ರಿಲ್‌ನಲ್ಲಿ ಧನಿಕ ಹೂಡಿಕೆದಾರ ಯೂರಿ ಮಿಲ್ನರ್, ಪಕ್ಕದಲ್ಲಿ ಸ್ಟೀಫನ್ ಹಾಕಿಂಗ್ ಅವರನ್ನು ಕೂರಿಸಿಕೊಂಡು, 10 ಕೋಟಿ ಡಾಲರ್‌ಗಳ ‘ಬ್ರೇಕ್‌ಥ್ರೂ ಸ್ಟಾರ್‌ಶಾಟ್’ ಘೋಷಿಸಿದರು. ಕೆಲವೇ ಗ್ರಾಂ ತೂಕದ ಎಲೆಕ್ಟ್ರಾನಿಕ್ ಚಿಪ್‌ಗೆ ತೆಳುವಾದ ಹಾಯಿ ಕಟ್ಟಿ, ನೆಲದಿಂದ 100 ಗಿಗಾವಾಟ್ ಲೇಸರ್ ಹೊಡೆದು, ಬೆಳಕಿನ ವೇಗದ ಐದನೇ ಒಂದರಷ್ಟು ವೇಗದಲ್ಲಿ ನೆರೆಯ ನಕ್ಷತ್ರ ಆಲ್ಫಾ ಸೆಂಟಾರಿಗೆ ಅಟ್ಟುವುದು ಯೋಜನೆಯಾಗಿತ್ತು. ಇದರಲ್ಲಿ ನಕಲು ಮಾಡುವ ಮಾತಿರಲಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಇಷ್ಟು ಚಿಕ್ಕದಾಗಿದ್ದ ಮೇಲೆ ಅಲ್ಲೇ ಕಲ್ಲುಮಣ್ಣು ಅಗೆದು ಮರಿಮಾಡಿಕೊಂಡರಾಯಿತು ಎನ್ನುವ ಉತ್ಸಾಹಿಗಳಿಗೆ ಕೊರತೆಯಿಲ್ಲ. ಸೆಕೆಂಡಿಗೆ 60,000 ಕಿಲೋಮೀಟರ್ ಓಡುವ ಈ ಚಿಪ್‌ಗೆ ಬ್ರೇಕಿಲ್ಲ. ನಿಲ್ಲಲು ಬಾರದವಳಿಗೆ ಬಾಣಂತನ ಯಾವ ಗ್ರಹದಲ್ಲಿ?

ನಿಜವಾಗಿ ಹಾರಿದ ಒಂದು ಬಸುರಿ ನೌಕೆಯ ಕಥೆಯೂ ಇದೆ. ಸಾರ್ವಜನಿಕರಿಂದ ಚಂದಾ ಎತ್ತಿ 2014ರ ಏಪ್ರಿಲ್‌ನಲ್ಲಿ ಕಳಿಸಿದ ‘ಕಿಕ್‌ಸ್ಯಾಟ್’ ಒಡಲಲ್ಲಿ ಬಿಸ್ಕತ್ತಿನಷ್ಟು ಅಗಲದ 104 ಪುಟ್ಟ ಉಪಗ್ರಹಗಳಿದ್ದವು. ಅದರ ಗಡಿಯಾರ ನಡುವೆ ಮತ್ತೆ ಸೊನ್ನೆಗೆ ಮರಳಿ, ಮೇ 4ರ ಹೆರಿಗೆ ಮೇ 16ಕ್ಕೆ ಸರಿಯಿತು. ಬ್ಯಾಟರಿ ಸೊರಗಿದ್ದರಿಂದ ಕೆಳಗಿನವರ ಆಜ್ಞೆ ಅದರ ಕಿವಿಗೆ ಬೀಳಲಿಲ್ಲ. ಮೇ 14ರಂದು ಮಕ್ಕಳ ಸಮೇತ ವಾತಾವರಣದಲ್ಲಿ ಉರಿದುಹೋಯಿತು. 2019ರಲ್ಲಿ ಅದರ ತಂಗಿ ‘ಕಿಕ್‌ಸ್ಯಾಟ್-2’ ಸುಸೂತ್ರವಾಗಿ ಹೆತ್ತಳು, ಅದೂ ಮನೆಯಂಗಳದಂಥ ಭೂಕಕ್ಷೆಯಲ್ಲೇ.

ಹಾಗೆಂದು ಕಾನೂನು ಮೈಮರೆಯುವಂತಿಲ್ಲ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ, ಹಾರಿಸಿದ ವಸ್ತುವಿನಿಂದ ಇನ್ನೊಂದು ಸದಸ್ಯ ರಾಷ್ಟ್ರಕ್ಕೆ ಹಾನಿಯಾದರೆ ಹಾರಿಸಿದ ರಾಷ್ಟ್ರವೇ ಹೊಣೆ. ನೌಕೆಯ ಮರಿಮಗಳು ಆಲ್ಫಾ ಸೆಂಟಾರಿಯಲ್ಲಿ ಒತ್ತುವರಿ ಮಾಡಿದರೆ ನೋಟಿಸನ್ನು ಯಾರಿಗೆ ಜಾರಿ ಮಾಡಬೇಕೆಂದು ಅದರಲ್ಲಿ ಬರೆದಿಲ್ಲ. ಸಮಿತಿಯೊಂದನ್ನು ಈಗಲೇ ರಚಿಸುವುದೊಳಿತು. ವರದಿಗೆ 30 ಕೋಟಿ ವರ್ಷ ಕಾಲಾವಕಾಶವಿದೆ, ವಿಸ್ತರಣೆಯನ್ನು ಆಮೇಲೆ ಕೇಳಬಹುದು.