ಎರಡೇ ಮಾತ್ರೆ ಉಳಿದಿದ್ದವು

ಶುಕ್ರವಾರ ಸಂಜೆ ಅಪ್ಪ ತಮ್ಮ ಔಷಧಿ ಡಬ್ಬಿಯನ್ನು ಮೇಜಿನ ಮೇಲೆ ಸುರಿದರು. ಕೊಲೆಸ್ಟ್ರಾಲ್ ಮಾತ್ರೆ ಬೇಕಾದಷ್ಟಿತ್ತು. ಆಸ್ಪಿರಿನ್ ಇತ್ತು. ಮೆಟೊಪ್ರೊಲಾಲ್ ಸ್ಟ್ರಿಪ್‌ನಲ್ಲಿ ಮಾತ್ರ ಎರಡೇ ಎರಡು ಉಳಿದಿದ್ದವು. ಶನಿವಾರಕ್ಕೊಂದು, ಭಾನುವಾರಕ್ಕೊಂದು. ಸೋಮವಾರ ಲೇಬರ್ ಡೇ, ಅಮೆರಿಕಕ್ಕೆಲ್ಲ ರಜೆ.

ತಪ್ಪು ನನ್ನದೇ. ಊರಿಂದ ಹೊರಡುವಾಗ ಅವರು ಮೂರು ತಿಂಗಳಿಗೆ ಲೆಕ್ಕ ಹಾಕಿ ತಂದಿದ್ದರು. ಇನ್ನೂ ಸ್ವಲ್ಪ ದಿನ ಇರಿ ಅಂತ ಟಿಕೆಟ್ ಮುಂದಕ್ಕೆ ಹಾಕಿಸಿದವನು ನಾನು. ಮಾತ್ರೆ ಎಣಿಸಬೇಕು ಅನ್ನೋದು ನನಗೆ ಹೊಳೆಯಲೇ ಇಲ್ಲ.

"ಅದಕ್ಕೇನು ಬಿಡೋ, ಇಲ್ಲೇ ಯಾವುದಾದ್ರೂ ಮೆಡಿಕಲ್ ಸ್ಟೋರಿಗೆ ಹೋಗಿ ಒಂದು ಸ್ಟ್ರಿಪ್ ತಗೊಂಡು ಬಾ," ಅಂದರು ಅಪ್ಪ. ಅವರ ಪ್ರಕಾರ ಅದು ಹತ್ತು ನಿಮಿಷದ ಕೆಲಸ. ಇಲ್ಲಿ ಹಾಗಲ್ಲ ಅಂತ ನನಗೆ ಗೊತ್ತಿತ್ತು. ಆದರೂ ಸ್ಟ್ರಿಪ್ ಜೇಬಿಗೆ ಹಾಕಿಕೊಂಡು ಹೊರಟೆ.

ಈ ಮಾತ್ರೆ ತಪ್ಪಿದರೆ ನನಗೇಕೆ ಅಷ್ಟು ಭಯ ಅಂತ ಮೊದಲು ಹೇಳಿಬಿಡುತ್ತೇನೆ. ಅಪ್ಪನಿಗೆ ಆರು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತು. ಆಮೇಲೆ ಹೃದಯ ಸ್ವಲ್ಪ ಸೋತಿದೆ. ಮೆಟೊಪ್ರೊಲಾಲ್ ಬೀಟಾ ಬ್ಲಾಕರ್ ಜಾತಿಯ ಔಷಧಿ. ಅಡ್ರಿನಲಿನ್ ಬಂದು ಹೃದಯವನ್ನು ಓಡಿಸದ ಹಾಗೆ ತಡೆಯುತ್ತದೆ. ಈ ಜಾತಿಯ ಔಷಧಿಯನ್ನು ಬಳಕೆಗೆ ತಂದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಲಕ್ಷಾಂತರ ಜನ ದಿನಾ ನುಂಗುವ ಸಾದಾ ಮಾತ್ರೆ ಇದು. ಆದರೆ ಥಟ್ಟನೆ ನಿಲ್ಲಿಸುವ ಹಾಗಿಲ್ಲ. ಇಷ್ಟು ದಿನ ತಡೆದಿದ್ದನ್ನು ಒಮ್ಮೆಲೇ ಬಿಟ್ಟರೆ ಹೃದಯ ಮೊದಲಿಗಿಂತ ಜಾಸ್ತಿ ಜೋರಾಗಿ ಹೊಡೆದುಕೊಳ್ಳಬಹುದು. ಎದೆನೋವು ಬರಬಹುದು, ಅಟ್ಯಾಕೂ ಆಗಬಹುದು. ಅಮೆರಿಕದಲ್ಲಿ ಔಷಧಿಯ ಜೊತೆ ಬರುವ ಮಾಹಿತಿಯಲ್ಲಿ ಈ ಮಾತನ್ನು ಎಚ್ಚರಿಕೆ ಅಂತಲೇ ಅಚ್ಚು ಹಾಕುತ್ತಾರೆ. ನಿಲ್ಲಿಸಲೇಬೇಕಾದರೆ ಒಂದೆರಡು ವಾರ ತೆಗೆದುಕೊಂಡು ಡಾಕ್ಟರ ನಿಗಾದಲ್ಲಿ ಡೋಸ್ ಇಳಿಸಬೇಕು.

ಕೌಂಟರಿನಲ್ಲಿ ಇದ್ದ ಫಾರ್ಮಸಿಸ್ಟ್ ನಡುವಯಸ್ಸಿನ ಹೆಂಗಸು. ಸ್ಟ್ರಿಪ್ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ನಮ್ಮ ಬ್ರ್ಯಾಂಡ್ ಹೆಸರು ಅವರಿಗೆ ಗೊತ್ತಿಲ್ಲ. ಕನ್ನಡಕ ಹಣೆಗೇರಿಸಿ, ಬೆಳ್ಳಿ ಕಾಗದದ ಮೇಲಿನ ಸಣ್ಣ ಅಕ್ಷರ ಓದಿದರು. ಮೆಟೊಪ್ರೊಲಾಲ್ ಸಕ್ಸಿನೇಟ್ 47.5 ಮಿಲಿಗ್ರಾಂ, ಇದು ಮೆಟೊಪ್ರೊಲಾಲ್ ಟಾರ್ಟ್ರೇಟ್ 50 ಮಿಲಿಗ್ರಾಂಗೆ ಸಮ, ಅಂತ ಅದರಲ್ಲಿತ್ತು. ಅವರಿಗೆ ಔಷಧಿ ಗೊತ್ತಾಯಿತು. ಹಿಂದಿನ ಕಪಾಟಿನಲ್ಲಿ ಅದೇ ಔಷಧಿ ಇತ್ತು. ಆದರೆ ಇಲ್ಲಿಯ ಡಾಕ್ಟರ್ ಚೀಟಿ ಇಲ್ಲ. ಭಾರತದ ಚೀಟಿ ಇಲ್ಲಿ ನಡೆಯುವುದಿಲ್ಲ. "ಸೋಮವಾರದ ಒಂದು ಮಾತ್ರೆ ಆದ್ರೂ ಕೊಡಿ, ಮಂಗಳವಾರ ಚೀಟಿ ತರ್ತೀನಿ" ಅಂದೆ. ಅವರು ನಿಜವಾಗಲೂ ಬೇಜಾರು ಮಾಡಿಕೊಂಡೇ ತಲೆ ಅಲ್ಲಾಡಿಸಿದರು. ಕೊಟ್ಟರೆ ಅವರ ಲೈಸೆನ್ಸಿಗೇ ಕುತ್ತು.

ಶನಿವಾರ ಬೆಳಗ್ಗೆ ಒಂದು ಅರ್ಜೆಂಟ್ ಕೇರ್ ಕ್ಲಿನಿಕ್ಕಿಗೆ ಅಪ್ಪನನ್ನು ಕರೆದುಕೊಂಡು ಹೋದೆ. ಅವರ ವಿಸಿಟರ್ ಇನ್ಶೂರೆನ್ಸ್ ಮೊದಲಿನಿಂದ ಇದ್ದ ಕಾಯಿಲೆಗೆ ಅನ್ವಯಿಸುವುದಿಲ್ಲ, ಎಲ್ಲವೂ ಕೈಯಿಂದಲೇ. ಎರಡು ಗಂಟೆ ಕಾದೆವು. ಡಾಕ್ಟರು ನಾಡಿ ನೋಡಿದರು, ಬಿ.ಪಿ. ನೋಡಿದರು, ಸ್ಟ್ರಿಪ್ ನೋಡಿ ಕಂಪ್ಯೂಟರಿನಲ್ಲೇ ಚೀಟಿ ಕಳಿಸಿದರು. ಬದುಕಿದೆವು ಅಂದುಕೊಂಡೆ.

ಸಂಜೆ ತರಲು ಹೋದರೆ ಅದೇ ಫಾರ್ಮಸಿಸ್ಟ್ ಮಾತ್ರೆ ಕೊಡದೆ ನನ್ನನ್ನು ಪಕ್ಕಕ್ಕೆ ಕರೆದರು. ಚೀಟಿಯಲ್ಲಿ ಟಾರ್ಟ್ರೇಟ್ 50 ಮಿಲಿಗ್ರಾಂ, ದಿನಕ್ಕೊಂದು ಅಂತ ಬಂದಿತ್ತು. "ನಿನ್ನೆ ನೀವು ತೋರಿಸಿದ್ದು ಸಕ್ಸಿನೇಟ್ ಅಲ್ವಾ?" ಅಂತ ಕೇಳಿದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹೆಸರು ಒಂದೇ ಆದರೂ ಈ ಎರಡು ಮಾತ್ರೆ ಒಂದೇ ಅಲ್ಲ. ಟಾರ್ಟ್ರೇಟ್ ಬೇಗ ಕರಗಿ ಬೇಗ ಇಳಿಯುತ್ತದೆ, ಸಾಮಾನ್ಯವಾಗಿ ದಿನಕ್ಕೆರಡು ಸಲ ಬೇಕು. ಸಕ್ಸಿನೇಟ್ ಮಾತ್ರೆ ದಿನಪೂರ್ತಿ ನಿಧಾನವಾಗಿ ಔಷಧಿ ಬಿಡುತ್ತದೆ, ದಿನಕ್ಕೊಂದೇ ಸಾಕು. ಸೋತ ಹೃದಯಕ್ಕೆ ಒಳ್ಳೆಯದು ಅಂತ 1999ರ ಮೆರಿಟ್-ಎಚ್‌ಎಫ್ ಪ್ರಯೋಗ ತೋರಿಸಿದ್ದು ಈ ಸಕ್ಸಿನೇಟನ್ನೇ. 3,991 ರೋಗಿಗಳ ಆ ಪ್ರಯೋಗದಲ್ಲಿ ಇದನ್ನು ತೆಗೆದುಕೊಂಡವರಲ್ಲಿ ಸಾವು ಶೇ. 34ರಷ್ಟು ಕಡಿಮೆ ಇತ್ತು. ಅಪ್ಪನ ಡಾಕ್ಟರು ಬೇಕೆಂದೇ ಅದನ್ನು ಬರೆದಿದ್ದರು. ಸ್ಟ್ರಿಪ್‌ನ ಆ ಒಂದೇ ಸಾಲಿನಲ್ಲಿ ಎರಡೂ ಹೆಸರು ಇದ್ದವು. ಅವಸರದಲ್ಲಿ ಕ್ಲಿನಿಕ್ಕಿನ ಡಾಕ್ಟರ ಕಣ್ಣು ಕೊನೆಯ ಹೆಸರಿನ ಮೇಲೆ ಬಿದ್ದಿರಬೇಕು.

ಅಷ್ಟೊತ್ತಿಗೆ ಕ್ಲಿನಿಕ್ ಮುಚ್ಚಿತ್ತು. ಭಾನುವಾರ ಬೆಳಗ್ಗೆ ತೆರೆಯುತ್ತಿದ್ದ ಹಾಗೆ ಆಕೆಯೇ ಫೋನ್ ಮಾಡಿ ಚೀಟಿ ಸರಿಪಡಿಸಿಸಿದರು. ಅಪ್ಪ ಕೊನೆಯ ಮಾತ್ರೆ ನುಂಗಿ ನಾಲ್ಕೈದು ಗಂಟೆ ಆದ ಮೇಲೆ ಕಿತ್ತಳೆ ಬಣ್ಣದ ಡಬ್ಬಿ ಕೈಗೆ ಬಂತು.

ಶುಕ್ರವಾರ ಒಂದು ಮಾತ್ರೆ ಕೊಡದವರೂ ಅವರೇ, ಶನಿವಾರ ತಪ್ಪು ಮಾತ್ರೆ ತಡೆದವರೂ ಅವರೇ. ಎರಡೂ ಸಲ ಅವರು ನಿಯಮದ ಪ್ರಕಾರವೇ ನಡೆದುಕೊಂಡರು. ಆವತ್ತಿನಿಂದ ನಾನು ಇದನ್ನೇ ಯೋಚಿಸುತ್ತಿದ್ದೇನೆ.

ಊರಿನಲ್ಲಾಗಿದ್ದರೆ? ಶುಕ್ರವಾರ ಸಂಜೆಯೇ ಮುಗಿಯುತ್ತಿತ್ತು. ಅಂಗಡಿಯವರು ಹಳೇ ಸ್ಟ್ರಿಪ್ ನೋಡಿ, ಹೊಸದರಿಂದ ನಾಲ್ಕು ಮಾತ್ರೆ ಕತ್ತರಿಯಲ್ಲಿ ಕತ್ತರಿಸಿ, ಸಣ್ಣ ಕವರಿಗೆ ಹಾಕಿ ಕೊಡುತ್ತಿದ್ದರು. ಕಾನೂನಿನಲ್ಲಿ ನಮ್ಮಲ್ಲೂ ಇದು ಶೆಡ್ಯೂಲ್ ಎಚ್ ಔಷಧಿ, ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ. ಸ್ಟ್ರಿಪ್ ಮೇಲೆಯೇ ಹಾಗಂತ ಇರುತ್ತದೆ. ಆದರೆ ಅಪ್ಪನ ಹೃದಯಕ್ಕೆ ಆ ನಾಲ್ಕು ಮಾತ್ರೆ ಕೊಡುವುದೇ ಸರಿ ಅಂತ ನಾನು ಒಪ್ಪುತ್ತೇನೆ.

ಹಾಗಂತ ನಮ್ಮದೇ ಸರಿ ಅನ್ನೋಕೆ ಬಾಯಿ ಬರುವುದಿಲ್ಲ. ಎರಡು ವರ್ಷದ ಹಿಂದೆ ಊರಿನಲ್ಲಿ ಒಂದು ಅಂಗಡಿಯವರು "ಅದೇ ಸಾರ್, ಸ್ಟಾಕ್ ಇದೇ ಇರೋದು" ಅಂತ ಬೇರೆ ಸ್ಟ್ರಿಪ್ ಕೊಟ್ಟಿದ್ದರು. ಬ್ರ್ಯಾಂಡ್ ಹೆಸರು ಅದೇ. ಕೊನೆಯಲ್ಲಿ ಎರಡು ಅಕ್ಷರ ಮಾತ್ರ ಜಾಸ್ತಿ. ಆ ಎರಡು ಅಕ್ಷರ ಅಂದರೆ ಮೆಟೊಪ್ರೊಲಾಲ್ ಜೊತೆಗೆ ಆಮ್ಲೊಡಿಪಿನ್ ಎಂಬ ಇನ್ನೊಂದು ಬಿ.ಪಿ. ಔಷಧಿ. ಒಂದೂವರೆ ತಿಂಗಳು ಅಪ್ಪ ಅದನ್ನೇ ನುಂಗಿದರು. ಪಾದ ಊದಿಕೊಂಡು ಚಪ್ಪಲಿ ಹಿಡಿಯದೇ ಹೋಯಿತು. ಆಮ್ಲೊಡಿಪಿನ್‌ನಿಂದ ಕಾಲು ಊದುವುದು ಡಾಕ್ಟರುಗಳಿಗೆಲ್ಲ ಗೊತ್ತಿರುವ ವಿಷಯ. ವಯಸ್ಸಾಯ್ತಲ್ಲ ಅಂತ ಎಲ್ಲರೂ ಸುಮ್ಮನಿದ್ದರು. ಕೊನೆಗೆ ಡಾಕ್ಟರು ಸ್ಟ್ರಿಪ್ ತರಿಸಿಕೊಂಡು ನೋಡಿದಾಗ ಗೊತ್ತಾಯಿತು. ಅವರ ಚೀಟಿಗೆ ಮೂರು ವರ್ಷ ಆಗಿತ್ತು, ಮಡಿಕೆಯಲ್ಲಿ ಹರಿದಿತ್ತು. ಅಷ್ಟು ದಿನ ಅದನ್ನು ಯಾರೂ ತೋರಿಸಿ ಅಂತ ಕೇಳಿರಲಿಲ್ಲ.

ಇನ್ನೊಂದು ವಿಷಯ ಗಮನಿಸಿ. ನಮ್ಮ ನಿಯಮದ ಪ್ರಕಾರ, ಚೀಟಿಯಲ್ಲಿ ಇರುವ ಶೆಡ್ಯೂಲ್ ಎಚ್ ಔಷಧಿಗೆ ಬದಲಾಗಿ ಅಂಗಡಿಯವರು ತಾವಾಗಿ ಬೇರೆ ಕಂಪನಿಯದು ಕೊಡುವಂತಿಲ್ಲ, ಒಳಗಿನ ಔಷಧಿ ಅದೇ ಆಗಿದ್ದರೂ. ಅಮೆರಿಕದಲ್ಲಿ ತದ್ವಿರುದ್ಧ. ಡಾಕ್ಟರು ಬೇಡ ಅನ್ನದಿದ್ದರೆ ಫಾರ್ಮಸಿಸ್ಟೇ ಜನರಿಕ್, ಅಂದರೆ ಬ್ರ್ಯಾಂಡ್ ಹೆಸರಿಲ್ಲದ ಅದೇ ಔಷಧಿ, ಕೊಡುತ್ತಾರೆ. ಇಲ್ಲಿ ಹತ್ತು ಚೀಟಿಯಲ್ಲಿ ಒಂಬತ್ತಕ್ಕೆ ಜನರಿಕ್ಕೇ. ಅದಕ್ಕೇ ಎಲ್ಲರ ಬಾಯಲ್ಲೂ ಔಷಧಿಯ ನಿಜವಾದ ಹೆಸರೇ ಇರುತ್ತದೆ, ಗೊಂದಲ ಕಡಿಮೆ. ಆದರೆ ಕಂಪನಿ ಬದಲಾದಾಗ ಮಾತ್ರೆಯ ಬಣ್ಣ, ಆಕಾರ ಬದಲಾಗುತ್ತದೆ. ಹಾಗೆ ಬದಲಾದಾಗ ಹಾರ್ಟ್ ಅಟ್ಯಾಕ್ ಆದವರು ಮಾತ್ರೆ ಬಿಟ್ಟುಬಿಡುವುದು ಜಾಸ್ತಿ ಅಂತ 2014ರಲ್ಲಿ ಇಲ್ಲಿಯದೇ ಒಂದು ಅಧ್ಯಯನ ಹೇಳಿತ್ತು. ಅಪ್ಪನೂ ಡಬ್ಬಿ ತೆರೆದ ಕೂಡಲೇ "ಇದು ನಮ್ಮದಲ್ಲ ಕಣೋ" ಅಂದರು. ಅರ್ಧ ಗಂಟೆ ವಿವರಿಸಬೇಕಾಯಿತು. ಅಂದಹಾಗೆ ಆ ಡಬ್ಬಿಯ ಮುಚ್ಚಳ ಮಕ್ಕಳು ತೆರೆಯದ ಹಾಗೆ ಒತ್ತಿ ತಿರುಗಿಸುವಂಥದ್ದು. ಅಪ್ಪನ ಬೆರಳಿಗೂ ಆಗಲಿಲ್ಲ. ಕೇಳಿದರೆ ಸಾದಾ ಮುಚ್ಚಳ ಹಾಕಿಕೊಡುತ್ತಾರೆ, ವಯಸ್ಸಾದವರಿಗೆ ಕೇಳಿ ಪಡೆಯಿರಿ.

ನನ್ನ ಅನಿಸಿಕೆ ಇಷ್ಟು. ಥಟ್ಟನೆ ನಿಲ್ಲಿಸಬಾರದ ಔಷಧಿಗೆ ಬೇರೆಯದೇ ನಿಯಮ ಇರಬೇಕು. ಪರೀಕ್ಷೆ ಆಗಲಿ, ಫೋನ್ ಆಗಲಿ, ಎಷ್ಟು ಬೇಕಾದರೂ ತಡವಾಗಲಿ. ಆದರೆ ಅಲ್ಲಿಯವರೆಗೆ ರೋಗಿಯ ಕೈಯಲ್ಲಿ ಮೂರು ದಿನದ ಮಾತ್ರೆ ಇರಲಿ. ಇದು ಅಮೆರಿಕಕ್ಕೆ ಗೊತ್ತಿಲ್ಲದ ವಿಚಾರವಲ್ಲ. ಒಹಾಯೋದಲ್ಲಿ 2014ರ ಜನವರಿಯಲ್ಲಿ ಒಬ್ಬ ಯುವಕ, ಹೊಸ ವರ್ಷದ ರಜೆಯಲ್ಲಿ ಇನ್ಸುಲಿನ್ ಚೀಟಿ ನವೀಕರಿಸಲಾಗದೆ ತೀರಿಕೊಂಡ. ಮನೆಯವರು ಹೋರಾಡಿದ ಮೇಲೆ ಅಲ್ಲಿ ಕಾನೂನು ಬದಲಾಯಿತು, ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು. ಹಲವು ರಾಜ್ಯಗಳಲ್ಲಿ ಈಗ ಫಾರ್ಮಸಿಸ್ಟ್ ತುರ್ತಿಗೆ ಕೆಲವು ದಿನದ ಔಷಧಿ ಕೊಡಬಹುದು. ಆದರೆ ಹಳೇ ಚೀಟಿ ಇಲ್ಲಿಯ ದಾಖಲೆಯಲ್ಲಿ ಇರಬೇಕು. ನೋಡಲು ಬಂದ ಅಪ್ಪ ಅಮ್ಮಂದಿರಿಗೆ ಅದೆಲ್ಲಿಂದ ಬರಬೇಕು? ಅವರನ್ನೂ ಆ ಕಾನೂನಿನೊಳಗೆ ಸೇರಿಸಿ ಅನ್ನುವುದೇ ನನ್ನ ಬೇಡಿಕೆ.

ಊರಿನ ಅಂಗಡಿಯವರನ್ನು ನಾನು ಕೇಳುವುದು ಕತ್ತರಿ ಕೆಳಗಿಡಿ ಅಂತಲ್ಲ. ಕೊಡಿ, ಆದರೆ ಬರೆದಿಟ್ಟುಕೊಂಡು ಕೊಡಿ. ಕಂಪನಿ ಹೆಸರಲ್ಲ, ಒಳಗಿನ ಔಷಧಿಯ ಹೆಸರು ಓದಿ ಕೊಡಿ. ಕತ್ತರಿಸಿದಾಗ ಎಕ್ಸ್‌ಪೈರಿ ತಾರೀಖಿನ ತುದಿ ಯಾರ ಪಾಲಿಗೆ ಹೋಗುತ್ತದೋ ಗೊತ್ತಿಲ್ಲ, ಆ ತಾರೀಖನ್ನೂ ಕವರಿನ ಮೇಲೆ ಬರೆಯಿರಿ.

ಇಲ್ಲಿಗೆ ಹಿರಿಯರನ್ನು ಕರೆಸುವವರು ಮಾತ್ರೆಯನ್ನು ತೊಂಬತ್ತು ದಿನಕ್ಕೆ ತರಿಸಿ, ಅಷ್ಟನ್ನು ಸ್ವಂತ ಬಳಕೆಗೆ ತಂದರೆ ಸಾಮಾನ್ಯವಾಗಿ ತಕರಾರಿಲ್ಲ. ಅದಕ್ಕಿಂತ ಜಾಸ್ತಿ ದಿನ ಉಳಿಸಿಕೊಳ್ಳುವುದಾದರೆ ಬಂದ ಮೊದಲ ತಿಂಗಳಲ್ಲೇ ಇಲ್ಲಿಯ ಡಾಕ್ಟರ ಹತ್ತಿರ ಹೋಗಿ. ಊರಿನ ಡಾಕ್ಟರಿಂದ ಒಂದು ಪತ್ರ ಇರಲಿ, ಅದರಲ್ಲಿ ಬ್ರ್ಯಾಂಡ್ ಬದಲು ಔಷಧಿಯ ಹೆಸರು ಇರಲಿ, ಸಕ್ಸಿನೇಟೋ ಟಾರ್ಟ್ರೇಟೋ ಅನ್ನುವುದು ಬಿಡಿಸಿ ಬರೆದಿರಲಿ.

ಅಪ್ಪ ವಾಪಸ್ ಹೋಗುವಾಗ ಖಾಲಿಯಾದ ಆ ಕಿತ್ತಳೆ ಡಬ್ಬಿಯನ್ನು ತೆಗೆದುಕೊಂಡು ಹೋದರು. ಹೋದ ವಾರ ಫೋನಿನಲ್ಲಿ ಹೇಳಿದರು, ಅಂಗಡಿಯವರಿಗೆ ಅದನ್ನು ತೋರಿಸಿದರಂತೆ. ಹೆಸರು, ಔಷಧಿ, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು, ಎಲ್ಲ ಅದರ ಮೇಲೆ ಇದೆಯಲ್ಲ. "ಹೀಗೇ ಬರೆದುಕೊಡಪ್ಪ" ಅಂದರಂತೆ. ಅವರು ಬಾಲ್ ಪೆನ್ ತೆಗೆದು ಕವರಿನ ಮೇಲೆ ಒಂದೊಂದೇ ಅಕ್ಷರ ನೋಡಿಕೊಂಡು ಬರೆದುಕೊಟ್ಟರಂತೆ.