ಉಜ್ಜಿದ್ದಕ್ಕೇ ಬೇಜಾರು

ಆಯುಧಪೂಜೆಯ ಬೆಳಗ್ಗೆ ವಾಟ್ಸಾಪ್ ತೆರೆದರೆ ದಾವಣಗೆರೆಯಿಂದ ಫೋಟೊಗಳ ಸಾಲು. ಬೈಕಿಗೆ ಬಾಳೆಕಂದು, ಮಿಕ್ಸಿಗೆ ಕುಂಕುಮ, ದೊಡ್ಡಪ್ಪನ ಮಗ, ಅಂದರೆ ನನ್ನ ತಮ್ಮನ ಲ್ಯಾಪ್‌ಟಾಪಿನ ತಲೆ ಮೇಲೂ ಒಂದು ಚೆಂಡುಹೂವು. ಕೊನೆಯ ಫೋಟೊದಲ್ಲಿ ಮಣೆ ಮೇಲೆ ವಿಭೂತಿ ಬಳಿಸಿಕೊಂಡು ಫಳಫಳ ಹೊಳೆಯುತ್ತ ಕೂತಿದ್ದದ್ದು ಏನೆಂದು ತಕ್ಷಣ ಗುರುತು ಹತ್ತಲಿಲ್ಲ. ದೊಡ್ಡಪ್ಪನ ಮೀನಿನ ರೀಲು, ಗಾಳದ ದಾರ ಸುತ್ತುವ ಚಕ್ರ! ‘ಬಫಿಂಗ್ ಮಾಡ್ಸೀನಿ, ಹೆಂಗೈತಣ್ಣ?’ ಅಂತ ತಮ್ಮ ಕೆಳಗೆ ಬರೆದಿದ್ದ. ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿ ಸುಮ್ಮನಾದೆ. ಹಬ್ಬದ ದಿನ ಜಗಳ ಬೇಡ ಅಂತ. ಆದರೆ ಇಡೀ ದಿನ ಹೊಟ್ಟೆಯಲ್ಲಿ ಏನೋ ಉರಿ.

ಅದು ಇಂಗ್ಲೆಂಡಿನ ಹಾರ್ಡಿ ಕಂಪನಿಯ ‘ಪರ್ಫೆಕ್ಟ್’ ರೀಲು. 1872ರಲ್ಲಿ ಆನಿಕ್ ಎಂಬ ಊರಲ್ಲಿ ಶುರುವಾದ ಕಂಪನಿ. 1891ರಿಂದ ಈ ಮಾದರಿ ಮಾರಾಟಕ್ಕೆ ಬಂತು. ಬಾಲ್ ಬೇರಿಂಗ್ ಮೇಲೆ ತಿರುಗುವ ರೀಲು, ಆ ಕಾಲಕ್ಕೆ ದೊಡ್ಡ ಸಂಗತಿ. ಮೈಗೆಲ್ಲ ಸೀಸದ ಬಣ್ಣದ ಬೂದುಗಪ್ಪು ಲೇಪ. ಅದು ಕೊಳೆ ಅಲ್ಲ ಸ್ವಾಮಿ, ಫ್ಯಾಕ್ಟರಿಯಲ್ಲೇ ಬೇಕೆಂದು ಕೊಟ್ಟದ್ದು. ಬಿಸಿಲಿಗೆ ಲೋಹ ಮಿಂಚಿದರೆ ನೀರಲ್ಲಿರುವ ಮೀನು ಬೆದರಿ ಓಡುತ್ತದೆ. ಈಗ ನಮ್ಮ ಮನೆ ರೀಲು ಬಿಸಿಲಲ್ಲಿ ಹಿಡಿದರೆ ಚನ್ನಗಿರಿ ಹತ್ತಿರದ ಸೂಳೆಕೆರೆಯ ಆಚೆ ದಡದ ಮೀನಿಗೂ ಸುದ್ದಿ ಮುಟ್ಟುತ್ತದೆ.

ಮೊಟ್ಟೆಯನ್ನೂ ಒಳಗೆ ಬಿಡದ ಮನೆಗೆ ಈ ರೀಲು ಹೇಗೆ ಬಂತು ಅನ್ನುವುದಕ್ಕೆ ಎರಡು ಕಥೆ ಇವೆ. ದೊಡ್ಡಪ್ಪ ಹತ್ತಿ ಗಿರಣಿಯಲ್ಲಿ ಫಿಟ್ಟರ್; ಮಿಷನ್ ಕೂರಿಸಲು ಬಂದಿದ್ದ ದೊರೆ ಖುಷಿಯಾಗಿ ಕೊಟ್ಟುಹೋದ ಅನ್ನುವುದು ಅವರ ಕಥೆ. ಬೊಂಬಾಯಿಯ ಚೋರ್ ಬಜಾರಿನಲ್ಲಿ ದುಡ್ಡು ಸುರಿದು ತಂದದ್ದು ಅನ್ನುವುದು ದೊಡ್ಡಮ್ಮನ ಕಥೆ. ಭಾನುವಾರ ಬಿದಿರಿನ ಕೋಲಿಗೆ ಅದನ್ನು ಬಿಗಿದುಕೊಂಡು, ಹಿಟ್ಟಿನ ಉಂಡೆ ಕಟ್ಟಿಕೊಂಡು ಚನ್ನಗಿರಿ ಕಡೆ ಬಸ್ಸು ಹತ್ತುತ್ತಿದ್ದರು. ಸಿಕ್ಕ ಮೀನನ್ನು ನೀರಿಗೇ ಬಿಟ್ಟು, ಹಿತ್ತಿಲ ಬಾಗಿಲಿಂದ ಬಂದು ಬಚ್ಚಲಿಗೆ ನುಗ್ಗಿ ತಲೆ ಮೇಲೆ ನೀರು ಸುರಿದುಕೊಂಡ ಮೇಲೇ ನಡುಮನೆಗೆ ಪ್ರವೇಶ. ತಿನ್ನೋದಿಲ್ಲ ಅಂದ ಮೇಲೆ ಹಿಡಿಯೋದ್ಯಾಕೆ ಅಂತ ಓಣಿಯವರೆಲ್ಲ ನಗುತ್ತಿದ್ದರು. ಇಂಗ್ಲೆಂಡಿಗೆ ಬಂದ ಮೇಲೆ ನೋಡಿದರೆ ಇಲ್ಲಿ ಕಾಲುವೆ ದಂಡೆಯಲ್ಲಿ ಮಳೆಯಲ್ಲಿ ನೆನೆಯುತ್ತ ಕೂತವರೂ ಹೆಚ್ಚಿನಂಶ ಅದನ್ನೇ ಮಾಡುತ್ತಾರೆ: ಹಿಡಿದು, ತೂಗಿ, ಫೋಟೊ ತೆಗೆದು, ಬಿಡುತ್ತಾರೆ.

ನಾನಿರುವುದು ಬ್ರಾಡ್‌ಫರ್ಡ್. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿನವನು ಬಂದು ಬಿದ್ದದ್ದು ಇನ್ನೊಂದು ಗಿರಣಿ ಊರಿಗೆ. ಇಲ್ಲಿನ ಉಣ್ಣೆ, ರೇಷ್ಮೆ ಗಿರಣಿಗಳೂ ಬಾಗಿಲು ಹಾಕಿದವು. ದೊಡ್ಡ ಚಿಮಣಿಯ ಲಿಸ್ಟರ್ ಗಿರಣಿಯನ್ನು ಫ್ಲಾಟು ಮಾಡಿದ್ದಾರೆ, ಆದರೆ ಗೋಡೆ, ಕಿಟಕಿ, ಚಿಮಣಿ ಇದ್ದ ಹಾಗೇ ಇವೆ. ಈ ಊರಿಗೂ ರೀಲಿಗೂ ಹಳೇ ನಂಟು ಬೇರೆ. ಸುರುಳಿ ತಿರುಗದೆ ನಿಂತಿದ್ದು ದಾರ ಮಾತ್ರ ಬಿಚ್ಚಿಕೊಂಡು ಹೋಗುವ ರೀಲಿಗೆ 1905ರಲ್ಲಿ ಪೇಟೆಂಟ್ ಪಡೆದ ಇಲ್ಲಿಂಗ್‌ವರ್ತ್ ಇಲ್ಲಿನ ಗಿರಣಿ ಮಾಲೀಕ. ನೂಲುವ ಯಂತ್ರದ ಬಾಬಿನ್ನಿನಿಂದ ದಾರ ಬಿಚ್ಚಿಕೊಳ್ಳುವುದನ್ನು ನೋಡಿ ಅವನಿಗೆ ಹೊಳೆಯಿತಂತೆ. ಗಿರಣಿಯಲ್ಲಿ ಬಾಬಿನ್ ನೋಡುತ್ತಲೇ ಬದುಕು ಕಳೆದ ದೊಡ್ಡಪ್ಪನಿಗೆ ಇದನ್ನು ಹೇಳಲು ಆಗಲಿಲ್ಲ ಅನ್ನುವುದು ನನಗೊಂದು ಕೊರಗು.

ಹಳೇ ರೀಲು ರಿಪೇರಿ ಹುಚ್ಚು ನನಗೆ ಅಂಟಿದ್ದು ಇಲ್ಲೇ. ಕಲಿಸಿದವರು ನಿವೃತ್ತ ಅಜ್ಜ ಒಬ್ಬರು. ಅವರ ಶೆಡ್ಡಿನಲ್ಲಿ ಮೊದಲ ಪಾಠವೇ ಏನು ಮಾಡಬಾರದು ಅನ್ನುವುದು. ಬಿಚ್ಚುವ ಮುಂಚೆ ಫೋಟೊ. ಬಿಚ್ಚಿದ ಒಂದೊಂದು ಭಾಗವನ್ನೂ ಬಿಳಿ ಬಟ್ಟೆ ಮೇಲೆ ಬಿಚ್ಚಿದ ಸಾಲಿನಲ್ಲೇ ಜೋಡಿಸಬೇಕು. ಸ್ಕ್ರೂಡ್ರೈವರಿನ ತುದಿಯನ್ನು ಸಾಣೆಕಲ್ಲಿನ ಮೇಲೆ ತೀಡಿ ಸ್ಕ್ರೂವಿನ ಸೀಳಿಗೆ ಬಿಗಿಯಾಗಿ ಕೂರುವಂತೆ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಸೀಳಿನ ಅಂಚು ಕಿತ್ತುಬರುತ್ತದೆ. ಕಚ್ಚಿಕೊಂಡ ಸ್ಕ್ರೂಗೆ ಎರಡು ತೊಟ್ಟು ಎಣ್ಣೆ ಬಿಟ್ಟು ರಾತ್ರಿಯಿಡೀ ಕಾಯಬೇಕು, ಬರದಿದ್ದರೆ ಇನ್ನೊಂದು ರಾತ್ರಿ. ಗಟ್ಟಿಯಾಗಿ ಅಂಟಾದ ಹಳೇ ಗ್ರೀಸು ತೆಗೆಯಲು ಸೋಪಿನ ಬಿಸಿನೀರು, ಮೆತ್ತನೆಯ ಹಲ್ಲುಜ್ಜುವ ಬ್ರಷ್, ಅಷ್ಟೇ. ಹಿತ್ತಾಳೆಗೆ ಹಸಿರು ಕಿಲುಬು ಬಂದಿದ್ದರೆ ಅಷ್ಟು ಜಾಗ ಮಾತ್ರ ಕಡ್ಡಿಯಿಂದ ಕೆರೆಯಬಹುದು. ಹಿತ್ತಾಳೆ ಬೆಳಗುವ ಬ್ರಾಸೊ ಡಬ್ಬಿ ಕಣ್ಣಿಗೆ ಬಿದ್ದರೆ ಅಜ್ಜನ ಮುಖ ಕೆಂಪಾಗುತ್ತಿತ್ತು. ಕೊನೆಗೆ ತೆಳ್ಳಗೆ ಮೇಣ ಸವರಿ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ರೀಲು ಬರುವಾಗ ಎಷ್ಟು ಹಳೇದೋ ಹೋಗುವಾಗಲೂ ಅಷ್ಟೇ ಹಳೇದಾಗಿ ಕಾಣಬೇಕು. ತಿರುಗಿಸಿದರೆ ಮಾತ್ರ ಬೆಣ್ಣೆಯ ಹಾಗೆ ತಿರುಗಬೇಕು.

ಹಿಡಿಕೆಯ ಪಕ್ಕ ಲೇಪ ಸವೆದು ಲೋಹ ಕಂಡ ಜಾಗ ತೋರಿಸಿ ಅಜ್ಜ ಹೇಳುತ್ತಿದ್ದರು: ಇದು ಯಾರದೋ ಬೆರಳಗೆಣ್ಣು ತಾಗಿ ತಾಗಿ ಆದದ್ದು, ಅವನು ಬಲಗೈಯಲ್ಲಿ ಸುತ್ತುತ್ತಿದ್ದ. ಸತ್ತ ಮನುಷ್ಯನೊಬ್ಬನ ಅಭ್ಯಾಸ ಅಲ್ಲಿ ಕೂತಿತ್ತು. ಅದನ್ನು ಉಜ್ಜಿ ಅಳಿಸಲು ನಾವು ಯಾರು?

ದೊಡ್ಡಪ್ಪನ ರೀಲಿನಲ್ಲೂ ಹಾಗೊಂದು ಗುರುತಿತ್ತು. ಕೋಲಿಗೆ ಕಟ್ಟುವ ಪಾದದ ಎರಡೂ ತುದಿಗೆ ಅರ ಹಾಕಿದ್ದರು, ಬಿದಿರಿಗೆ ಒಗ್ಗಲಿ ಅಂತ. ಫಿಟ್ಟರ್ ಕೈ, ಒಂದೇ ಓರೆಯಲ್ಲಿ ಎಳೆದ ಸಣ್ಣ ಸಣ್ಣ ಗೆರೆ, ಎಲ್ಲೂ ತಪ್ಪಿಲ್ಲ. ಹೋದ ಸಲ ಊರಿಗೆ ಬಂದಾಗ ಉಗುರು ಆಡಿಸಿ ನೋಡಿದ್ದೆ. ಹೀಗೆ ಅರ ಹಾಕಿದ ಪಾದ ಕಂಡರೆ ಇಲ್ಲಿನ ಸಂಗ್ರಾಹಕರು ಬೆಲೆ ಇಳಿಸುತ್ತಾರೆ. ಇಳಿಸಲಿ, ನನಗೆ ರೀಲಿಗಿಂತ ಆ ಗೆರೆಗಳೇ ಹೆಚ್ಚು. ‘ಯಾರೂ ಮುಟ್ಟಬ್ಯಾಡ್ರಪ್ಪ’ ಅಂತ ತಮ್ಮನಿಗೆ ಅವತ್ತೇ ಹೇಳಿದ್ದೆ. ಬಫಿಂಗ್ ಚಕ್ರ ಅವನ್ನೆಲ್ಲ ನುಣ್ಣಗೆ ಮಾಡಿಬಿಟ್ಟಿದೆ.

ಇದು ಒಂದು ರೀಲಿನ ಮಾತಲ್ಲ. ಹಳೇದನ್ನು ಕಂಡರೆ ನಮಗೆ ಕೈ ತುರಿಸುತ್ತದೆ. ಗುಡಿಯ ಕಲ್ಲುಕಂಬಕ್ಕೆ ಸಿಲ್ವರ್ ಪೇಂಟು, ಅಜ್ಜನ ಕಾಲದ ತೇಗದ ಬಾಗಿಲಿಗೆ ಚಾಕೊಲೇಟ್ ಬಣ್ಣದ ಎನಾಮಲ್, ಕೆತ್ತನೆ ಸಂದಿಯಲ್ಲೆಲ್ಲ ಬಣ್ಣ ತುಂಬಿ ಹೂವು ಯಾವುದು ಎಲೆ ಯಾವುದು ತಿಳಿಯದು. ಕೇಳಿದರೆ ‘ಹೊಸದಾಗಿ ಕಾಣ್ತೈತಲ್ಲ’ ಅನ್ನುತ್ತಾರೆ. ಹೊಸದೇ ಬೇಕಿದ್ದರೆ ಹೊಸದನ್ನೇ ಕೊಳ್ಳಬಹುದಲ್ಲ! ಗಿರಣಿ ಸೈರನ್ನಿಗೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಊರು ನಮ್ಮದು. ಆ ಗಿರಣಿಯ ನೆನಪಿಗೆ ನಮ್ಮ ಮನೆಯಲ್ಲಿ ಉಳಿದಿದ್ದದ್ದು ಒಂದು ಅರದ ಗುರುತು. ಅದೂ ಹಬ್ಬದ ಗಡಿಬಿಡಿಯಲ್ಲಿ ಹೋಯಿತು.

ಮಾರನೇ ದಿನ ತಮ್ಮನಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದೆ, ಸ್ವಲ್ಪ ಜೋರಾಗಿಯೇ. ಅವನು ಪೂರ್ತಿ ಕೇಳಿಸಿಕೊಂಡ. ‘ಅಣ್ಣ, ಒಂದ್ನಿಮಿಷ ಸುಮ್ಕಿರು’ ಅಂದವನೇ ಫೋನಿನ ಹತ್ತಿರ ರೀಲು ಹಿಡಿದು ತಿರುಗಿಸಿದ. ಕಟಕಟಕಟ.

ನನಗೆ ತಿಳಿದ ಮಟ್ಟಿಗೆ ಆ ರೀಲು ಮೂಕ. ದಾರ ಓಡುವಾಗ ಸದ್ದು ಮಾಡುವ ರಾಚೆಟ್ಟಿನ ಉಕ್ಕಿನ ನಾಲಿಗೆ ದೊಡ್ಡಪ್ಪನ ಕಾಲಕ್ಕೇ ಮುರಿದಿತ್ತು, ಅವರಿಂದಲೂ ಸರಿಮಾಡಲು ಆಗಿರಲಿಲ್ಲ. ಇಂಥದ್ದೇ ಒಂದು ನಾಲಿಗೆಗಾಗಿ ನಾನು ಇಲ್ಲಿ ಹಳೇ ಸಾಮಾನಿನ ಸಂತೆಗಳನ್ನೆಲ್ಲ ಅಲೆದಿದ್ದೇನೆ. ಮೂಲದ್ದೇ ಬೇಕು, ಬೇರೆ ಹಾಕಿದರೆ ಮೈಲಿಗೆ ಅನ್ನುವ ಮಡಿವಂತರ ನಡುವೆ ನನ್ನ ಒಂದು ರೀಲು ಈಗಲೂ ಡಬ್ಬಿಯಲ್ಲೇ ಕಾಯುತ್ತಿದೆ. ತಮ್ಮ ಬಫಿಂಗ್‌ಗೆ ಕೊಡುವ ಮೊದಲು ರೀಲನ್ನು ಒಬ್ಬ ಟರ್ನರ್ ಬಳಿ ಒಯ್ದಿದ್ದನಂತೆ. ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಕೈ ಪಳಗಿಸಿಕೊಂಡು, ಅದು ಮುಚ್ಚಿದ ಮೇಲೆ ಸ್ವಂತ ಲೇತ್ ಇಟ್ಟುಕೊಂಡವರು. ಮುರುಕು ತುಂಡು ನೋಡಿ, ಹಳೇ ಹ್ಯಾಕ್‌ಸಾ ಬ್ಲೇಡಿನಿಂದ ಒಂದು ಚೂರು ಕತ್ತರಿಸಿ, ಅರ ಹಿಡಿದು, ಸಂಜೆಯೊಳಗೆ ಕೂರಿಸಿಕೊಟ್ಟರಂತೆ. ದುಡ್ಡೆಷ್ಟು ಅಂದರೆ ಚಹಾ ಕುಡಿಸಪ್ಪ ಸಾಕು ಅಂದರಂತೆ. ಪಾಲಿಶ್ ಬೇಡ, ಹಳೇದು ಹಳೇದಾಗೇ ಇರಲಿ ಅಂತ ನಾನು ಹೇಳಿದ್ದು ತಮ್ಮನಿಗೆ ನೆನಪಿತ್ತು; ಅವರ ಮುಂದೆ ಹೇಳಿಯೂ ನೋಡಿದನಂತೆ. ‘ಪೂಜೆಗೆ ಕೂರಿಸೋದನ್ನ ಯಾರಾದ್ರೂ ಕಪ್ಪಗೆ ಇಡ್ತಾರೇನೋ?’ ಅಂದರಂತೆ ಅವರು.

ಅದಕ್ಕೆ ನನ್ನಲ್ಲೂ ಉತ್ತರವಿಲ್ಲ. ದೊಡ್ಡಮ್ಮ ತಾಮ್ರದ ಕೊಡಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿದಾಗ ಕೊಡದ ವಯಸ್ಸು ಅಳಿಸಿಹೋಯಿತು ಅಂತ ಯಾರಾದರೂ ಅತ್ತದ್ದುಂಟೇ? ಇನ್ನೊಂದನ್ನೂ ಹೇಳಿಬಿಡಬೇಕು, ಇಷ್ಟವಿಲ್ಲದಿದ್ದರೂ. ಅಷ್ಟು ಜೋಪಾನ ಮಾಡಿದ ಅಜ್ಜನ ರೀಲುಗಳಲ್ಲಿ ನೀರಿಗೆ ಇಳಿಯುವುದು ಒಂದೋ ಎರಡೋ, ಮಿಕ್ಕವು ಗಾಜಿನ ಬೀರುವಿನಲ್ಲಿ. ನಮ್ಮದು ಮುಂದಿನ ಭಾನುವಾರ ಸೂಳೆಕೆರೆಗೆ ಹೊರಟಿದೆ, ತಮ್ಮನ ಮಗನ ಕೈಯಲ್ಲಿ. ಮೇಲಾಗಿ ರೀಲು ತಮ್ಮನ ಅಪ್ಪನದು. ಬ್ರಾಡ್‌ಫರ್ಡಿನಲ್ಲಿ ಕೂತು ಮುಟ್ಟಬೇಡ ಅನ್ನುವುದು ನನಗೆ ಸುಲಭ.

ಆದರೂ ಆ ಗೆರೆಗಳು ಹೋಗಬಾರದಿತ್ತು. ಈ ಮಾತಿನಲ್ಲಿ ನಾನು ಸೋಲುವುದಿಲ್ಲ.

ತಮ್ಮನಿಗೆ ಹೇಳಿದ್ದೇನೆ: ಒಳಗೆ ಕೊಬ್ಬರಿ ಎಣ್ಣೆ ಬಿಡಬೇಡ, ಚಳಿಗೆ ಗಟ್ಟಿಯಾಗುತ್ತದೆ, ಹೊಲಿಗೆ ಮಿಷನ್ ಎಣ್ಣೆ ಎರಡು ತೊಟ್ಟು ಸಾಕು. ನನ್ನ ಡಬ್ಬಿಯಲ್ಲಿರುವ ರೀಲಿನ ಅಳತೆಯನ್ನೂ ಕಾಗದದ ಮೇಲೆ ಬರೆದು ಫೋಟೊ ಕಳಿಸಿದ್ದೇನೆ. ಆ ಟರ್ನರ್ ಹತ್ತಿರ ಇನ್ನೊಂದು ನಾಲಿಗೆ ಮಾಡಿಸಿ ಕೊರಿಯರ್ ಹಾಕು, ಪಾಲಿಶ್ ಹೊಡಿಸಬೇಡ ಅಂದೆ. ‘ಆತು ಬಿಡಣ್ಣ, ಕಪ್ಪಗೇ ಕಳಿಸ್ತೀನಿ’ ಅಂದ.